ರಾಗಿಯ ಹೆಸರಲ್ಲಿ ಒಂದು ತಪ್ಪು ಓದು: ತಾಳವಾಡಿ ಬೆಟ್ಟಗಳೂ ಅನ್ನನಾಳದ ಉರಿಯೂತವೂ

ಸಿರಿಧಾನ್ಯಗಳ ಪ್ರಚಾರ ಜೋರಾದ ಮೇಲೆ ಕನ್ನಡದಲ್ಲಿ ಒಂದು ಮಾತು ಭಾಷಣದಿಂದ ಪುಸ್ತಕಕ್ಕೂ ಪುಸ್ತಕದಿಂದ ಭಾಷಣಕ್ಕೂ ದಾಟುತ್ತಲೇ ಇದೆ. ರಾಗಿ ಉಣ್ಣುವ ಬೆಟ್ಟದ ಜನಕ್ಕೆ ಎದೆಯುರಿ ಗೊತ್ತಿಲ್ಲ, ಹುಳಿತೇಗು ಗೊತ್ತಿಲ್ಲ, ಅನ್ನನಾಳದ ಕಾಯಿಲೆಯಂತೂ ಇಲ್ಲವೇ ಇಲ್ಲ ಎನ್ನುವ ಮಾತು ಅದು. ಆಧಾರವೇನು ಎಂದು ಕೇಳಿದರೆ ಇಬ್ಬರು ವೈದ್ಯರ ಹೆಸರು ಬರುತ್ತದೆ. ಒಬ್ಬರು ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅಂದರೆ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1950 ಮತ್ತು 60ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ. ಇನ್ನೊಬ್ಬರು ಉಗಾಂಡದಲ್ಲಿ ದುಡಿದ ಐರಿಷ್ ಶಸ್ತ್ರವೈದ್ಯ, ನಾರಿನಂಶದ ಪ್ರವಾದಿಯೆಂದೇ ಹೆಸರಾದ ಡೆನಿಸ್ ಬರ್ಕಿಟ್. ಟೋವಿ ಈ ಮಾತನ್ನು ಹೇಳಲೇ ಇಲ್ಲ. ಬರ್ಕಿಟ್ ಇದಕ್ಕೆ ಹತ್ತಿರದ್ದೊಂದನ್ನು ಹೇಳಿದ್ದು ನಿಜ, ಆದರೆ ಅವರು ಎಣಿಸಿದ್ದು ಬೇರೆಯದನ್ನು. ಇಬ್ಬರನ್ನೂ ಒಂದೇ ಗಾಡಿಗೆ ಹೂಡಿದವರು ಅವರ ಮೂಲ ಬರಹಗಳನ್ನು ತೆರೆದು ನೋಡಿದಂತಿಲ್ಲ.

ಈ ಮಾತನ್ನು ಒರೆಗೆ ಹಚ್ಚಲು ತಾಳವಾಡಿ ಬೆಟ್ಟಗಳ ಹಾಸನೂರಿನಂಥ ಜಾಗ ಇನ್ನೊಂದಿಲ್ಲ. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವು ಹತ್ತಿ ಬಂದರೆ ಸಿಗುವ ಈ ಊರು ಕಾಗದದಲ್ಲಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದೆ. ಸೋಲಿಗರು, ಊರಾಳಿಗಳು, ಲಿಂಗಾಯತರು ಇರುವ ಈ ಸೀಮೆಯ ಸಂತೆಮಾತು ಕನ್ನಡ. 1956ರಲ್ಲಿ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿತು, ತಾಳವಾಡಿ ಸೀಮೆ ಅಲ್ಲೇ ಉಳಿಯಿತು. ಭಾಷೆಯ ಹೋರಾಟದವರು ಈ ಗಡಿಗೆರೆಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಹೊಟ್ಟೆಯ ಚರಿತ್ರೆಯಲ್ಲೂ ಆ ಗೆರೆಗೆ ಬೆಲೆಯಿದೆ ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಗೆರೆಯ ಆ ಬದಿಗೆ ಉಳಿದದ್ದರಿಂದಲೇ ತಾಳವಾಡಿ ಬೆಟ್ಟಗಳಿಗೆ ತಮಿಳುನಾಡಿನ ಪಡಿತರ ಅಕ್ಕಿ ಬಂತು. 2008ರಲ್ಲಿ ಕಿಲೋಗೆ ಒಂದು ರೂಪಾಯಿಯಾದದ್ದು 2011ರ ಜೂನ್‌ನಿಂದ ಪುಕ್ಕಟೆಯಾಯಿತು, ಕಾರ್ಡಿಗೆ ತಿಂಗಳಿಗೆ 20 ಕಿಲೋ. ಅತ್ತ ಕಾಡು ಕಡಿದು ಸುಟ್ಟು ರಾಗಿ ಬಿತ್ತುವ ಪದ್ಧತಿಯನ್ನು ಅರಣ್ಯದ ಕಾನೂನುಗಳು ಮೊದಲೇ ಮುಗಿಸಿದ್ದವು; 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಅಜ್ಜಿ ರಾಗಿಹಿಟ್ಟು ಉಂಡು ಬೆಳೆದ ಮನೆಯಲ್ಲಿ ಮೊಮ್ಮಗಳು ಪಾಲಿಶ್ ಅಕ್ಕಿಯ ಅನ್ನ ಉಂಡು ಬೆಳೆಯುತ್ತಿದ್ದಾಳೆ. ರಾಗಿ ನಿಜಕ್ಕೂ ಅನ್ನನಾಳವನ್ನು ಕಾಯುವುದಾದರೆ ಅಜ್ಜಿಗೂ ಮೊಮ್ಮಗಳಿಗೂ ನಡುವೆ ವ್ಯತ್ಯಾಸ ಕಾಣಬೇಕು. ಬೆಟ್ಟದ ಜನಕ್ಕೆ ಕಾಯಿಲೆಯಿಲ್ಲ ಎಂದು ಸಾರುವ ಬರಹಗಳು ಇಂಥ ಒಂದು ಹೋಲಿಕೆಯನ್ನೂ ಮುಂದಿಡುವುದಿಲ್ಲ. ಅವು ಮುಂದಿಡುವುದು ಟೋವಿಯವರನ್ನು.

ಟೋವಿ ಮೈಸೂರಿನಲ್ಲಿ ಕಂಡದ್ದು ಹುಣ್ಣು. ಜಠರ ದಾಟಿದ ಕೂಡಲೇ ಸಿಗುವ ಸಣ್ಣ ಕರುಳಿನ ಮೊದಲ ತುಂಡಿನಲ್ಲಿ, ಅಂದರೆ ಡುವೊಡಿನಂನಲ್ಲಿ ಆಗುವ ಹುಣ್ಣು. ಅದು ವರ್ಷಗಟ್ಟಲೆ ಮಾಗಿ ದಾರಿಯನ್ನೇ ಕಟ್ಟಿಹಾಕಿ, ಉಂಡದ್ದೆಲ್ಲ ವಾಂತಿಯಾಗುವ ಸ್ಥಿತಿಯಲ್ಲಿ ಜನ ಆಸ್ಪತ್ರೆಗೆ ಬರುತ್ತಿದ್ದರು. ದಕ್ಷಿಣದಲ್ಲಿ ಇದು ಇಷ್ಟೊಂದು ಏಕೆ, ಪಂಜಾಬಿನಲ್ಲಿ ಇಷ್ಟು ಕಡಿಮೆ ಏಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಇಂಗ್ಲೆಂಡಿಗೆ ಮರಳಿದ ಮೇಲೂ ದೇಶದ ಆಸ್ಪತ್ರೆಗಳಿಂದ ಲೆಕ್ಕ ತರಿಸಿ 1979ರಲ್ಲಿ 'ಗಟ್' ಪತ್ರಿಕೆಯಲ್ಲಿ ಭಾರತ ಮತ್ತು ಬಾಂಗ್ಲಾದೇಶದ ಹುಣ್ಣಿನ ಬಗ್ಗೆ ಉದ್ದದ ಲೇಖನ ಬರೆದರು. ಪಾಲಿಶ್ ಮಾಡಿದ ಅಕ್ಕಿ ಮುಖ್ಯ ಊಟವಾದಲ್ಲಿ ಹುಣ್ಣು ಹೆಚ್ಚು; ಹೊಟ್ಟು ತೆಗೆಯದ ಗೋಧಿ, ಕಿರುಧಾನ್ಯ, ಬೇಳೆಕಾಳು ಮುಖ್ಯವಾದಲ್ಲಿ ಕಡಿಮೆ. ಇದು ಅವರ ತೀರ್ಮಾನ. ಅನ್ನನಾಳ ಅಲ್ಲಿ ವಿಷಯವೇ ಅಲ್ಲ.

ಹುಣ್ಣಿಗೆ ಹೇಳಿದ್ದು ಅನ್ನನಾಳಕ್ಕೂ ಒಪ್ಪಲಿ ಬಿಡಿ, ಎರಡೂ ಆಮ್ಲದ ಕಾಯಿಲೆಗಳೇ ಅಲ್ಲವೇ ಎನ್ನುವವರಿದ್ದಾರೆ. ಒಪ್ಪುವುದಿಲ್ಲ. ಡುವೊಡಿನಂನ ದಾರಿ ಕಟ್ಟಿಕೊಂಡ ರೋಗಿಯಲ್ಲಿ ಜಠರ ಖಾಲಿಯಾಗದೆ ಹುಳಿ ಮೇಲಕ್ಕೆ ಚಿಮ್ಮುತ್ತದೆ; ಅಲ್ಲಿ ಹುಣ್ಣು ಹೆಚ್ಚಿದಷ್ಟೂ ಅನ್ನನಾಳ ಸುಡುತ್ತದೆ. ಆದರೆ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣು ಜಠರದ ಮೇಲ್ಭಾಗವನ್ನೆಲ್ಲ ಆವರಿಸಿ ಅಲ್ಲಿನ ಆಮ್ಲಗ್ರಂಥಿಗಳನ್ನು ಸವೆಸಿದ ಜನರಲ್ಲಿ ಆಮ್ಲವೇ ಕಡಿಮೆಯಾಗಿ ಅನ್ನನಾಳ ಬಚಾವಾಗುತ್ತದೆ. ಒಂದೇ ಊರಿನಲ್ಲಿ ಎರಡೂ ಬಗೆಯ ಜನ ಇರಬಹುದು. ಹುಣ್ಣಿನ ಭೂಪಟವನ್ನು ತಂದು ಅನ್ನನಾಳದ ಮೇಲೆ ಹೊದಿಸಿದರೆ ಸರಿಹೊಂದಲು ಯಾವ ಕಾರಣವೂ ಇಲ್ಲ. (1982ರಲ್ಲಿ ಮಾರ್ಷಲ್ ಮತ್ತು ವಾರೆನ್ ಆ ಸೂಕ್ಷ್ಮಾಣುವನ್ನು ಬೆಳೆಸಿ ತೋರಿಸಿ, 2005ರಲ್ಲಿ ನೊಬೆಲ್ ಪಡೆದ ಮೇಲೆ ಟೋವಿಯವರ ಊಟದ ವಾದವನ್ನು ಹಳೆಯ ಕಾಲದ್ದೆಂದು ಬದಿಗೆ ಸರಿಸಿದವರು ಬಹಳ. ಅದು ಅವಸರದ ಕೆಲಸ. ಭಾರತದ ಉತ್ತರದಲ್ಲೂ ದಕ್ಷಿಣದಲ್ಲೂ ಸೂಕ್ಷ್ಮಾಣು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದು ಹುಣ್ಣು ಮಾತ್ರ ಬೇರೆಬೇರೆ ಏಕೆ ಎಂದು ಟೋವಿ ಕೊನೆಯವರೆಗೂ ಕೇಳುತ್ತಿದ್ದರು. ಆ ಪ್ರಶ್ನೆಯನ್ನು ಹಠ ಎಂದು ಕರೆದವರಿದ್ದಾರೆ. ಉತ್ತರ ಕೊಟ್ಟವರು ಕಡಿಮೆ.)

ಟೋವಿಯವರಲ್ಲಿ ಅನ್ನನಾಳಕ್ಕೆ ಏನೂ ಇಲ್ಲವೇ? ಇದೆ, ಆದರೆ ಅವರನ್ನು ಉಲ್ಲೇಖಿಸುವವರು ಹುಡುಕುವ ಕಡೆಯಲ್ಲಲ್ಲ. ಅದು ಇರುವುದು ಇಲಿಗಳಲ್ಲಿ.

ಈ ಇಲಿಗಳ ಕಥೆ ತಾಳವಾಡಿಗೆ ದೂರವಲ್ಲದ ಕೂನೂರಿನಿಂದ ಶುರುವಾಗುತ್ತದೆ. ಅಲ್ಲಿನ ಪೋಷಣಾ ಸಂಶೋಧನಾಲಯದಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಭಾರತದ ಬೇರೆಬೇರೆ ಸೀಮೆಗಳ ಊಟವನ್ನು ಇಲಿಗಳಿಗೆ ಉಣಿಸಿ ನೋಡಿದರು. ಮರಗೆಣಸು ಪ್ರಧಾನವಾದ ತಿರುವಾಂಕೂರಿನ ಊಟ ತಿಂದ ಇಲಿಗಳಲ್ಲಿ ಕಾಲುಭಾಗಕ್ಕೂ ಹೆಚ್ಚಿನವಕ್ಕೆ ಜಠರದಲ್ಲಿ ಹುಣ್ಣಾಯಿತು, ಮದರಾಸಿನ ಅಕ್ಕಿಯೂಟದವುಗಳಲ್ಲಿ ಸುಮಾರು ಹತ್ತರಲ್ಲೊಂದಕ್ಕೆ, ಸಿಖ್ಖರ ಗೋಧಿ ಹಾಲಿನ ಊಟದವುಗಳಲ್ಲಿ ಒಂದಕ್ಕೂ ಇಲ್ಲ. 1936ರ ಉಪನ್ಯಾಸಗಳಲ್ಲಿ ಅವರು ಇದನ್ನು ಲಂಡನ್ನಿನ ಸಭೆಗೆ ಹೇಳಿದರು. ಅಂದಿನಿಂದ ಈ ಇಲಿಗಳು ಆಹಾರ ಸುಧಾರಕರ ಬರಹಗಳಲ್ಲಿ ಓಡಾಡುತ್ತಲೇ ಇವೆ. ಮೆಕ್‌ಕ್ಯಾರಿಸನ್ನರ ಮನಸ್ಸಿನಲ್ಲಿ ಊಟದ ಜತೆಗೆ ಸಮರಕುಲಗಳ ಬಗ್ಗೆ ಬ್ರಿಟಿಷ್ ಸೇನೆಗಿದ್ದ ಮೋಹವೂ ಕೆಲಸ ಮಾಡಿತ್ತು ಎಂಬುದನ್ನು ಹೇಳುವ ಗೋಜಿಗೆ ಆ ಸುಧಾರಕರು ಹೋಗುವುದಿಲ್ಲ.

ಟೋವಿ ಮತ್ತು ಅವರ ಸಂಗಡಿಗರು, ಮುಖ್ಯವಾಗಿ ಎ. ಪಿ. ಜಯರಾಜ್, 1970ರ ದಶಕದಲ್ಲಿ ಬೇರೆ ಇಲಿ ಹಿಡಿದರು. 1945ರಲ್ಲಿ ಫಿಲಡೆಲ್ಫಿಯದ ಹ್ಯಾರಿ ಶೇ ತೋರಿಸಿದ ವಿಧಾನ ಅದು: ಉಪವಾಸವಿಟ್ಟ ಇಲಿಯ ಜಠರದ ಹೊರದ್ವಾರವನ್ನು ದಾರದಿಂದ ಕಟ್ಟಿಬಿಟ್ಟರೆ ಅದರದೇ ಆಮ್ಲ ಒಳಗೆ ತುಂಬಿ ಕೆಲವೇ ಗಂಟೆಗಳಲ್ಲಿ ಹುಣ್ಣಾಗುತ್ತದೆ. ಮೊದಲೇ ಯಾವ ಆಹಾರ ಕೊಟ್ಟರೆ ಹುಣ್ಣು ಕಡಿಮೆಯಾಗುತ್ತದೆ ಎಂದು ನೋಡುವುದು ಪ್ರಯೋಗ. ಹುಣ್ಣು ಕಡಿಮೆಯಿರುವ ಸೀಮೆಗಳ ಆಹಾರಗಳು ಇಲಿಯನ್ನೂ ಕಾಪಾಡಿದವು. ಕಾಪಾಡಿದ್ದು ನಾರಲ್ಲ, ಧಾನ್ಯ ಮತ್ತು ಕಾಳಿನ ಕೊಬ್ಬಿನ ಅಂಶ ಎಂದು ಅವರು ಮುಂದೆ ತೋರಿಸಿದರು. ಆ ಕಾಳುಗಳಲ್ಲಿ ಎದ್ದು ಕಂಡದ್ದು ಹುರುಳಿ. ರಾಗಿಯ ಭಕ್ತರಿಗೆ ಇದು ನಿರಾಸೆ ತರಬಹುದು. ಮೈಸೂರು ಸೀಮೆಯಿಂದ ತಾಳವಾಡಿ ಬೆಟ್ಟದವರೆಗೂ ಮುದ್ದೆಯ ಜತೆಗೆ ಬಂದ ಹುರುಳಿ ಸಾರಿಗೆ ಪ್ರಯೋಗಶಾಲೆಯಲ್ಲಿ ಸಿಕ್ಕ ಮನ್ನಣೆ ಕನ್ನಡದ ಸಿರಿಧಾನ್ಯ ಪುಸ್ತಕಗಳಲ್ಲಿ ಸಿಕ್ಕಿಲ್ಲ.

ಈಗ ಮುಖ್ಯ ವಿಷಯ. ದ್ವಾರ ಕಟ್ಟಿದ ಇಲಿಯಲ್ಲಿ ಹುಣ್ಣಾಗುವುದು ಎಲ್ಲಿ? ಡುವೊಡಿನಂನಲ್ಲಿ ಅಲ್ಲ, ಆಮ್ಲ ಸುರಿಸುವ ಜಠರದ ಗ್ರಂಥಿಭಾಗದಲ್ಲೂ ಅಲ್ಲ. ಇಲಿಯ ಜಠರಕ್ಕೆ ಮುಂಭಾಗದಲ್ಲಿ ಒಂದು ಚೀಲವಿದೆ, ಮನುಷ್ಯರಿಗೆ ಅದಿಲ್ಲ. ಅದರ ಒಳಹೊದಿಕೆ ಪದರಪದರವಾದ ಚಪ್ಪಟೆ ಕೋಶಗಳದ್ದು, ಗ್ರಂಥಿಗಳಿಲ್ಲ, ತನ್ನನ್ನು ಕಾಯ್ದುಕೊಳ್ಳುವ ಲೋಳೆ ಇಲ್ಲ. ಶೇ ಹೇಳಿದ ವಿಧಾನದಲ್ಲಿ ಹುಣ್ಣು ಕಾಣುವುದು ಈ ಮುಂಚೀಲದಲ್ಲಿ. ಮನುಷ್ಯನ ಮೈಯಲ್ಲಿ ಆ ಬಗೆಯ ಹೊದಿಕೆ ಆಮ್ಲಕ್ಕೆ ಎದುರಾಗುವ ಜಾಗ ಒಂದೇ: ಅನ್ನನಾಳದ ಕೆಳತುದಿ. ಅಂದರೆ ಡುವೊಡಿನಂನ ಹುಣ್ಣಿನ ಬಗ್ಗೆ ಮಾತಾಡುತ್ತಿದ್ದೇವೆಂದು ತಿಳಿದು ಒಂದು ಇಡೀ ಸಂಶೋಧನಾ ಪರಂಪರೆ ಅನ್ನನಾಳದ ಉರಿಯೂತಕ್ಕೆ ಹತ್ತಿರದ ಮಾದರಿಯೊಂದನ್ನು ದಶಕಗಟ್ಟಲೆ ಕೈಯಲ್ಲಿ ಹಿಡಿದುಕೊಂಡಿತ್ತು. ಟೋವಿಯವರ ರೋಗಿಗಳು ಅನ್ನನಾಳದ ಬಗ್ಗೆ ಏನೂ ಹೇಳುವುದಿಲ್ಲ; ಅವರ ಇಲಿಗಳು ಸ್ವಲ್ಪ ಹೇಳಬಹುದು.

ಈ 'ಸ್ವಲ್ಪ'ವನ್ನು ಇಲ್ಲೇ ಬಿಗಿಹಿಡಿಯದಿದ್ದರೆ ನಾಳೆ 'ಹುರುಳಿಯಿಂದ ಎದೆಯುರಿ ಮಾಯ' ಎಂಬ ತಲೆಬರಹ ಬಂದೀತು. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಅದರ ಅನ್ನನಾಳದ ಕೆಳಬಾಗಿಲು ಅಷ್ಟು ಭದ್ರ. ಮನುಷ್ಯನ ಕಾಯಿಲೆಯ ಮೂಲವೇ ಆ ಬಾಗಿಲು ಬೇಡದ ಹೊತ್ತಿನಲ್ಲಿ ಸಡಿಲವಾಗುವುದು. ಮುಂಚೀಲದ ಹೊದಿಕೆ ಆಮ್ಲವನ್ನು ಎಷ್ಟು ತಾಳುತ್ತದೆ ಎಂಬುದಷ್ಟನ್ನೇ ಇಲಿ ತಿಳಿಸುತ್ತದೆ, ಆಮ್ಲ ಅಲ್ಲಿಗೆ ಬರುವುದೇಕೆ ಎಂಬುದನ್ನಲ್ಲ. ಎಷ್ಟು ಜನರಿಗೆ ಕಾಯಿಲೆಯಿದೆ ಎಂಬುದನ್ನಂತೂ ಯಾವ ಇಲಿಯೂ ಹೇಳಲಾರದು.

ಆ ಎಣಿಕೆಗೆ ಕೈಹಾಕಿದವರು ಬರ್ಕಿಟ್. 1973ರಲ್ಲಿ ಪಿ. ಎ. ಜೇಮ್ಸ್ ಜತೆಗೂಡಿ 'ಲ್ಯಾನ್ಸೆಟ್'ನಲ್ಲಿ ಬರೆದ ಪುಟ್ಟ ಲೇಖನದಲ್ಲಿ ಅವರ ವಾದ ಹೀಗಿದೆ: ನಾರಿಲ್ಲದ ಊಟದಿಂದ ಮಲ ಗಟ್ಟಿಯಾಗುತ್ತದೆ, ಮುಕ್ಕಿ ಮುಕ್ಕಿ ಹೊಟ್ಟೆಯ ಒತ್ತಡ ಏರುತ್ತದೆ, ಆ ಒತ್ತಡಕ್ಕೆ ಜಠರದ ಮೇಲ್ತುದಿ ವಪೆಯ ಕಿಂಡಿಯಿಂದ ಎದೆಗೂಡಿಗೆ ಜಾರುತ್ತದೆ. ಇದೇ ಹಯಾಟಸ್ ಹರ್ನಿಯಾ. ನಾರು ಹೆಚ್ಚು ತಿನ್ನುವ ಆಫ್ರಿಕಾ, ಏಷ್ಯಾದ ಹಳ್ಳಿಗಾಡಿನಲ್ಲಿ ಇದು ಅಪರೂಪ, ಪಶ್ಚಿಮದಲ್ಲಿ ಸಾಮಾನ್ಯ. ಸಾಕ್ಷಿ ಎಂದರೆ ಮಿಷನ್ ಆಸ್ಪತ್ರೆಗಳಿಗೆ ಬರೆದು ಕೇಳಿ ತರಿಸಿದ ಮಾಹಿತಿ, ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇಗಳ ಲೆಕ್ಕ.

ಇದರಲ್ಲಿ ಮೂರು ಕಡೆ ಸೋರುತ್ತದೆ. ಸಣ್ಣದು ಮೊದಲು. ಜಾರುವ ಹರ್ನಿಯಾ ನಿಂತ ರೋಗಿಯಲ್ಲಿ ಕಾಣುವುದಿಲ್ಲ. ಮಲಗಿಸಿ, ತಲೆ ಕೆಳಗೆ ಮಾಡಿ, ಹೊಟ್ಟೆ ಒತ್ತಿ ನೋಡಬೇಕು. ಹುಡುಕಿದವನಿಗೆ ಸಿಗುತ್ತದೆ, ಹುಡುಕದವನಿಗೆ ಇಲ್ಲ. ಒಂದೇ ಎಕ್ಸ್‌ರೇ ಯಂತ್ರವಿಟ್ಟುಕೊಂಡು ದಿನವಿಡೀ ಕ್ಷಯ, ಮೂಳೆ ಮುರಿತ, ಕಟ್ಟಿದ ಡುವೊಡಿನಂ ನೋಡುತ್ತಿದ್ದ ಆಸ್ಪತ್ರೆಯಲ್ಲಿ ಯಾರು ಅಷ್ಟು ಹೊತ್ತು ಹುಡುಕಿಯಾರು? ಎರಡನೆಯದು ದೊಡ್ಡದು. ಎದೆಯುರಿಗೆ ಬಸ್ಸು ಹಿಡಿದು ಊರು ದಾಟಿ ಆಸ್ಪತ್ರೆಗೆ ಹೋಗುವವರಿಲ್ಲ. ಹಾಸನೂರಿನವರಿಗೆ ಘಾಟಿಯ ಕೆಳಗೆ ಸತ್ಯಮಂಗಲ, ಇತ್ತ ಚಾಮರಾಜನಗರ, ಅದಕ್ಕೂ ದೊಡ್ಡದು ಬೇಕಾದರೆ ಮೈಸೂರು; ಅಲ್ಲಿಯವರೆಗೆ ಹೋಗುವುದು ರಕ್ತ ಕಾರಿದಾಗ, ಅನ್ನ ಇಳಿಯದಾಗ. ಉಳಿದದ್ದೆಲ್ಲ 'ಗ್ಯಾಸ್ಟ್ರಿಕ್' ಆಗಿ ಅಂಗಡಿಯ ಮಾತ್ರೆಯಲ್ಲೋ ಜೀರಿಗೆ ಕಷಾಯದಲ್ಲೋ ಮುಗಿಯುತ್ತದೆ. ಆಸ್ಪತ್ರೆಯ ಕಡತದಲ್ಲಿ ಕಾಣದ್ದು ಊರಲ್ಲೂ ಇಲ್ಲ ಎಂದು ಬರೆದುಬಿಟ್ಟರೆ ಅದು ಕಾಯಿಲೆಯ ಎಣಿಕೆಯಾಗುವುದಿಲ್ಲ, ರಸ್ತೆಯ ಎಣಿಕೆಯಾಗುತ್ತದೆ.

ಮೂರನೆಯದು ಬರ್ಕಿಟ್ ಅಭಿಮಾನಿಗಳು ಮುಚ್ಚಿಡುವಂಥದ್ದು. ಹರ್ನಿಯಾ ಬೇರೆ, ಅನ್ನನಾಳದ ಉರಿಯೂತ ಬೇರೆ. 1935ರಲ್ಲಿ ನ್ಯೂಯಾರ್ಕಿನ ಆಶರ್ ವಿಂಕೆಲ್‌ಸ್ಟೀನ್ ಜಠರದ ಆಮ್ಲವೇ ಅನ್ನನಾಳವನ್ನು ಸುಡುತ್ತದೆಂದಾಗ ಹರ್ನಿಯಾದ ಹಂಗಿರಲಿಲ್ಲ. 1951ರಲ್ಲಿ ಇಂಗ್ಲೆಂಡಿನ ಫಿಲಿಪ್ ಆಲಿಸನ್ ಎರಡನ್ನೂ ಬೆಸೆದರು, ಮುಂದಿನ ಇಪ್ಪತ್ತು ವರ್ಷ ಹರ್ನಿಯಾ ಎಂದರೆ ಎದೆಯುರಿ ಎಂಬಂತಾಯಿತು. 1971ರಲ್ಲಿ ಕೋಹೆನ್ ಮತ್ತು ಹ್ಯಾರಿಸ್ ಅನ್ನನಾಳದ ಕೆಳಬಾಗಿಲಿನ ಒತ್ತಡ ಅಳೆದು ಆಮ್ಲ ಮೇಲೇರುವುದನ್ನು ನಿರ್ಧರಿಸುವುದು ಬಾಗಿಲಿನ ಬಲ, ಹರ್ನಿಯಾ ಅಲ್ಲ ಎಂದು ತೋರಿಸಿದರು. ಮುಂದೆ ಹರ್ನಿಯಾದ ಪಾತ್ರಕ್ಕೆ ಸ್ವಲ್ಪ ಗೌರವ ಮರಳಿ ಬಂತೆನ್ನುವುದು ನಿಜ. ಆದರೂ ಎರಡು ವರ್ಷ ಮೊದಲೇ ಅಲುಗಿಹೋಗಿದ್ದ ಬೆಸುಗೆಯ ಮೇಲೆ ಬರ್ಕಿಟ್ ತಮ್ಮ ಭೂಖಂಡಗಳನ್ನು ಹೊರಿಸಿದರು. ಕ್ಯಾನ್ಸರಿನ ಬಗ್ಗೆ ಅಷ್ಟು ಚುರುಕಾಗಿ ನೋಡಿದ ಕಣ್ಣು ಇಲ್ಲಿ ಮಲಬದ್ಧತೆಯ ಆಚೆಗೆ ನೋಡಲಿಲ್ಲ.

ಈಚಿನ ಎಣಿಕೆಗಳು ಸುಧಾರಿಸಿವೆಯೇ? 2011ರ 'ಇಂಡಿಯನ್ ಜರ್ನಲ್ ಆಫ್ ಗ್ಯಾಸ್ಟ್ರೋಎಂಟರಾಲಜಿ'ಯ ಒಂದೇ ಸಂಚಿಕೆಯಲ್ಲಿ ಮೂರು ಲೇಖನ ಸಾಲಾಗಿ ಬಂದವು. ಭಾರತೀಯ ಜಠರಕರುಳು ವೈದ್ಯರ ಸಂಘದ ಕಾರ್ಯಪಡೆ 3,224 ಜನರನ್ನು ಕೇಳಿ, ವಾರಕ್ಕೊಮ್ಮೆಯಾದರೂ ಎದೆಯುರಿ ಅಥವಾ ಹುಳಿ ಉಕ್ಕುವುದು ಶೇ. 7.6 ಜನರಿಗೆ ಎಂದಿತು. ದೆಹಲಿಯ ದೊಡ್ಡ ಆಸ್ಪತ್ರೆಯೊಂದರ ನೌಕರರಲ್ಲಿ ಅದು ಶೇ. 16.2. ಲಡಾಖಿನ ಎತ್ತರದ ಹಳ್ಳಿಗಳಲ್ಲಿ ಶೇ. 18.7. ಕನ್ನಡದ ಆರೋಗ್ಯ ಅಂಕಣಗಳಿಗೆ ಮೂರರಲ್ಲಿ ಹಿಡಿಸಿದ್ದು ಮೊದಲನೆಯದು. 'ಭಾರತೀಯರಲ್ಲಿ ಈ ಕಾಯಿಲೆ ಕಡಿಮೆ' ಎನ್ನಲು ಅದು ಅನುಕೂಲ. ಬೆಟ್ಟದ ಜನಕ್ಕೆ ಬರುವುದಿಲ್ಲ ಎನ್ನುವವರು ಮೂರನೆಯದನ್ನು ಓದಲಿಲ್ಲ. ಅದೇ ಮೊದಲ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ: ಕಾಯಿಲೆಯಿದ್ದವರ ಮತ್ತು ಇಲ್ಲದವರ ಮೈತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಪಶ್ಚಿಮದಲ್ಲಿ ಬೊಜ್ಜಿಗೆ ಅಂಟಿಸಿದ ಕಾಯಿಲೆ ಇಲ್ಲಿ ತೆಳ್ಳಗಿನವರನ್ನೂ ಬಿಡುವುದಿಲ್ಲ.

ದಕ್ಷಿಣಕ್ಕೆ ಬಂದರೆ ಗೊಂದಲ ಇನ್ನೂ ಚಂದ. ತಿರುವನಂತಪುರದ ಸಮುದಾಯದಲ್ಲಿ 1,072 ಜನರನ್ನು ಕೇಳಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 22.2, ಪೇಟೆಯಲ್ಲಿ ಹಳ್ಳಿಗಿಂತ ಹೆಚ್ಚು, ಪಾನ್ ಮಸಾಲ ಜಗಿಯುವವರಲ್ಲಿ ಹೆಚ್ಚು. ವೆಲ್ಲೂರು ಮತ್ತು ಸುತ್ತಲ ಜಿಲ್ಲೆಗಳಲ್ಲಿ 6,000ಕ್ಕೂ ಹೆಚ್ಚು ಜನರನ್ನು ಕೇಳಿ 2019ರಲ್ಲಿ ಪ್ರಕಟವಾದದ್ದರಲ್ಲಿ ಶೇ. 8.2. ಎರಡೂ ಕಡೆ ಅಕ್ಕಿಯೇ ಮುಖ್ಯ ಊಟ. ಪಾಲಿಶ್ ಅಕ್ಕಿಯೇ ಅನ್ನನಾಳದ ಶತ್ರುವಾಗಿದ್ದರೆ ಎರಡು ಅಕ್ಕಿಸೀಮೆಗಳ ನಡುವೆ ಎರಡೂವರೆ ಪಟ್ಟಿಗೂ ಹೆಚ್ಚಿನ ಅಂತರ ಏಕೆ? 2021ರಲ್ಲಿ ದೇಶದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದ ವಿಶ್ಲೇಷಣೆ ಸರಾಸರಿ ಶೇ. 15.6 ಎಂದಿತು, ಕೂಡಿಸಿದ ಅಧ್ಯಯನಗಳು ಶೇ. 5ರಿಂದ 28.5ರವರೆಗೆ ಹರಡಿಕೊಂಡಿದ್ದವು. ಇಷ್ಟು ಹರಡಿದ ಅಂಕಿಗಳ ನಡುವಿನ ಸರಾಸರಿಯನ್ನು ಹಾಸನೂರಿಗೆ ತಂದು ಅಂಟಿಸುವುದು ಎಣಿಕೆಯಲ್ಲ.

ಇನ್ನೂ ಕಷ್ಟದ್ದೊಂದಿದೆ. ಇವೆಲ್ಲ ಕೇಳಿ ಬರೆದುಕೊಂಡ ಲಕ್ಷಣಗಳು. ಅನ್ನನಾಳದ ಒಳಗೆ ಇಣುಕಿದವರು ಯಾರು? ರೋಗಿಗಳಲ್ಲದ ಸಾಮಾನ್ಯ ಜನರ ಒಳಗೆ ಇಣುಕಿದ್ದು ಉತ್ತರ ಸ್ವೀಡನ್ನಿನ ಕಾಲಿಕ್ಸ್ ಮತ್ತು ಹಾಪರಾಂಡ ಎಂಬ ಎರಡು ಊರುಗಳಲ್ಲಿ, 1998ರಿಂದ 2001ರವರೆಗೆ. ಯಾದೃಚ್ಛಿಕವಾಗಿ ಆರಿಸಿದ 1,000 ಜನರಿಗೆ ಎಂಡೋಸ್ಕೋಪಿ ಮಾಡಿದರು. ಶೇ. 15.5 ಜನರ ಅನ್ನನಾಳದಲ್ಲಿ ಉರಿಯೂತದ ಗಾಯ ಕಂಡಿತು. ಅವರಲ್ಲಿ ಮೂರರಲ್ಲೊಬ್ಬರಿಗೂ ಹೆಚ್ಚು ಮಂದಿಗೆ ಎದೆಯುರಿಯ ಯಾವ ದೂರೂ ಇರಲಿಲ್ಲ. ಪ್ರಶ್ನಾವಳಿ ಹಿಡಿದು ಹೋದವರಿಗೆ ಇವರು ಆರೋಗ್ಯವಂತರ ಪಟ್ಟಿಗೆ ಸೇರುತ್ತಿದ್ದರು.

ಇದಕ್ಕೂ ಇಪ್ಪತ್ತು ವರ್ಷ ಮೊದಲೇ ಎಚ್ಚರಿಸಿದ್ದ ಸಾಕ್ಷಿಯೊಂದನ್ನು ಭಾರತದಲ್ಲಿ ಬರೆಯುವವರು ಮುಟ್ಟುವುದಿಲ್ಲ. ಉತ್ತರ ಇರಾನಿನಲ್ಲಿ, ಅನ್ನನಾಳದ ಕ್ಯಾನ್ಸರು ವಿಪರೀತವಿರುವ ಕ್ಯಾಸ್ಪಿಯನ್ ತೀರದ ಹಳ್ಳಿಗಳಲ್ಲಿ, ಮಾಸ್ಸಿಮೊ ಕ್ರೆಸ್ಪಿ ಮತ್ತು ನುಬಿಯಾ ಮುನೋಜ್ ತಂಡ 430 ಜನರ ಅನ್ನನಾಳ ನೋಡಿ ಚೂರು ತೆಗೆದು 1979ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬರೆಯಿತು: ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನರಿಗೆ ದೀರ್ಘಕಾಲದ ಉರಿಯೂತ. ಇದು ಆಮ್ಲದ ಉರಿಯೂತದ ಹಾಗಲ್ಲ. ಮಧ್ಯಭಾಗದಿಂದ ಕೆಳಕ್ಕೆ ಹಬ್ಬಿದ್ದು, ಗಾಯವಿಲ್ಲದ್ದು. ಚೀನಾದ ಕ್ಯಾನ್ಸರು ಸೀಮೆಯಲ್ಲೂ ಹಾಗೆಯೇ ಕಂಡಿತು. ಸೂಕ್ಷ್ಮದರ್ಶಕದಲ್ಲಿ ಉರಿಯೂತವೆಂದು ಕರೆಯುವ ಗಡಿಯನ್ನು ಆ ತಂಡ ತೀರ ಸಡಿಲ ಮಾಡಿತೆಂಬ ಟೀಕೆ ಆಗಲೂ ಇತ್ತು, ಅದರಲ್ಲಿ ಹುರುಳಿದೆ. ಅರ್ಧಕ್ಕೆ ಇಳಿಸಿದರೂ ಉಳಿಯುವ ಪ್ರಮಾಣ ಮೇಲೆ ಹೇಳಿದ ಯಾವ ಎದೆಯುರಿ ಸಮೀಕ್ಷೆಗಿಂತಲೂ ದೊಡ್ಡದು. ಇದೇನು ಇರಾನಿನ ದೂರದ ಮಾತಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಇಟ್ಟುಕೊಂಡು ಬಂದ ಕ್ಯಾನ್ಸರು ನೋಂದಣಿಯಲ್ಲಿ ಅನ್ನನಾಳ ಮುಂಚೂಣಿಯ ಜಾಗಗಳಲ್ಲೊಂದು, ಹೆಂಗಸರಲ್ಲೂ. ಹೊಗೆಸೊಪ್ಪು, ಕಡ್ಡಿಪುಡಿ, ಎಲೆಅಡಿಕೆ ಅಗಿಯುವ ಅಭ್ಯಾಸ ಬೆಂಗಳೂರಿಗೂ ಚಾಮರಾಜನಗರಕ್ಕೂ ತಾಳವಾಡಿಗೂ ಒಂದೇ. ರಾಗಿ ಉಂಡ ಮೇಲೆ ಎಲೆಅಡಿಕೆ ಹಾಕಿಕೊಂಡವರ ಅನ್ನನಾಳವನ್ನು ರಾಗಿಯ ಲೆಕ್ಕಕ್ಕೆ ಮಾತ್ರ ಬರೆದುಕೊಳ್ಳುವುದು ಯಾವ ನ್ಯಾಯ?

ಕೊನೆಗೆ, ಈ ಕಾಲದ 'ಅಪರೂಪ'. ಇಯೊಸಿನೊಫಿಲ್ ಎಂಬ ಬಿಳಿರಕ್ತಕಣಗಳು ಅನ್ನನಾಳದ ಗೋಡೆಗೆ ನುಗ್ಗಿ ಉಂಟುಮಾಡುವ ಅಲರ್ಜಿಯ ದೀರ್ಘ ಉರಿಯೂತಕ್ಕೆ 1993ರಲ್ಲಿ ಸ್ಟೀಫನ್ ಅಟ್‌ವುಡ್, 1994ರಲ್ಲಿ ಸ್ವಿಟ್ಜರ್ಲೆಂಡಿನ ಅಲೆಕ್ಸ್ ಸ್ಟ್ರೌಮನ್ ಸ್ಪಷ್ಟ ರೂಪ ಕೊಟ್ಟರು. ಮುಖ್ಯ ಲಕ್ಷಣ ಅನ್ನ ಗಂಟಲಿನಿಂದ ಕೆಳಗಿಳಿಯದೆ ನಡುವೆ ಸಿಕ್ಕಿಕೊಳ್ಳುವುದು. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ 15 ಕಣ ಅಥವಾ ಹೆಚ್ಚು ಎಂಬ ಗಡಿಯನ್ನು 2007ರಲ್ಲಿ ಒಪ್ಪಿಕೊಂಡರು. ಅಮೆರಿಕದಲ್ಲಿ ವಿಮೆ ದಾಖಲೆಗಳಿಂದ 2014ರಲ್ಲಿ ಲಕ್ಷಕ್ಕೆ ಸುಮಾರು 57 ಎಂದಿದ್ದ ಅಂಕಿ ಈಗ 140 ದಾಟಿದೆ. ಕಾಯಿಲೆಯೂ ಬೆಳೆದಿದೆ, ಹುಡುಕುವ ಕಣ್ಣೂ ಬೆಳೆದಿದೆ. ಕಾಲಿಕ್ಸಿನ ಆ 1,000 ಜನರ ಚೂರುಗಳನ್ನೇ ಮತ್ತೆ ತೆಗೆದು ನೋಡಿದಾಗ ಖಚಿತವಾಗಿ ಈ ಕಾಯಿಲೆಯೆನ್ನಬಹುದಾದವರು ಶೇ. 0.4 ಇದ್ದರು, ಅಂದರೆ ಲಕ್ಷಕ್ಕೆ 400.

ಭಾರತದಲ್ಲಿ ಇದು ಇಲ್ಲವೆಂದೇ ಬಹುಕಾಲ ನಂಬಿಕೆ. ಹೊಟ್ಟೆಯಲ್ಲಿ ಜಂತುಹುಳು, ಜಠರದಲ್ಲಿ ಪೈಲೋರಿ ಇರುವ ಜನಕ್ಕೆ ಅಲರ್ಜಿಯ ಕಾಯಿಲೆ ಬಾರದು ಎಂಬುದು ವಿವರಣೆ. ಪೈಲೋರಿ ಇದ್ದವರಲ್ಲಿ ಈ ಕಾಯಿಲೆ ಕಡಿಮೆಯೆಂಬುದಕ್ಕೆ ಅಮೆರಿಕದ ಅಂಕಿಗಳಿವೆ, ಆದರೆ ಕಡಿಮೆ ಎಂದರೆ ಶೂನ್ಯವಲ್ಲ. ದೆಹಲಿಯಲ್ಲಿ ಎದೆಯುರಿಯೆಂದು ಬಂದ 190 ರೋಗಿಗಳ ಚೂರು ತೆಗೆದು ನೋಡಿದ ತಂಡ ಶೇ. 3.2 ಜನರಲ್ಲಿ ಇದನ್ನು ಕಂಡು 2017ರಲ್ಲಿ ಬರೆಯಿತು. ಎದೆಯುರಿಯ ಮಾತ್ರೆ ನುಂಗಿಕೊಂಡೇ ಇರಬಹುದಾಗಿದ್ದ ಜನ ಅವರು. ಬರ್ಕಿಟ್ ಕಾಲದಲ್ಲಿ ತಲೆ ಕೆಳಗೆ ಮಾಡಿ ನೋಡದ್ದರಿಂದ ಹರ್ನಿಯಾ ಇರಲಿಲ್ಲ. ಈ ಕಾಲದಲ್ಲಿ ಚೂರು ತೆಗೆಯದ್ದರಿಂದ ಇಯೊಸಿನೊಫಿಲ್ ಇಲ್ಲ.

ಭಾರತದಲ್ಲಿ ತೀವ್ರ ಬಗೆಯ ಆಮ್ಲದ ಉರಿಯೂತ, ಅದು ಮುಂದುವರಿದು ಆಗುವ ಬ್ಯಾರೆಟ್ಸ್ ಬದಲಾವಣೆ ಪಶ್ಚಿಮಕ್ಕಿಂತ ಕಡಿಮೆ ಎಂಬುದನ್ನು ಎಂಡೋಸ್ಕೋಪಿ ಮಾಡುವ ವೈದ್ಯರು ಒಪ್ಪುತ್ತಾರೆ, ಅದನ್ನು ಅಲ್ಲಗಳೆಯುವ ಉದ್ದೇಶ ಇಲ್ಲಿಲ್ಲ. ಅಲ್ಲಗಳೆಯಬೇಕಾದ್ದು 'ಇಲ್ಲ' ಎಂಬ ಪದವನ್ನು, ಅದಕ್ಕೆ ರಾಗಿಯನ್ನು ಸಾಕ್ಷಿ ಕರೆಯುವುದನ್ನು. ತಮಿಳುನಾಡು 2023ರ ಮೇ ತಿಂಗಳಿನಲ್ಲಿ ಪಡಿತರದಲ್ಲಿ 2 ಕಿಲೋ ಅಕ್ಕಿಗೆ ಬದಲು 2 ಕಿಲೋ ರಾಗಿ ಕೊಡುವ ಯೋಜನೆಯನ್ನು ನೀಲಗಿರಿ ಮತ್ತು ಧರ್ಮಪುರಿಯಲ್ಲಿ ಶುರುಮಾಡಿತು. ಮೊದಲ ಸುತ್ತಿನಲ್ಲಿ ಈರೋಡು ಜಿಲ್ಲೆ ಇರಲಿಲ್ಲ. ರಾಗಿ ತಾಳವಾಡಿ ಬೆಟ್ಟಕ್ಕೆ ಪಡಿತರವಾಗಿ ಮರಳಿ ಬರುವ ಮೊದಲು ಅಲ್ಲಿಯ ಅನ್ನನಾಳಗಳ ಲೆಕ್ಕ ಒಮ್ಮೆ ತೆಗೆಯಲು ಇದು ಸಕಾಲ. ಆಮೇಲೆ ತೆಗೆದರೆ ಏನಕ್ಕೆ ಏನು ಕಾರಣವೆಂದು ಬಿಡಿಸಲಾಗದು.

ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಸತ್ಯಮಂಗಲ, ಚಾಮರಾಜನಗರ, ಮೈಸೂರಿನಲ್ಲಿ ಎಂಡೋಸ್ಕೋಪಿ ಮಾಡುವ ವೈದ್ಯರಲ್ಲಿ ಕೇಳಿಕೊಳ್ಳುವುದು ಇಷ್ಟೆ: ಬೆಟ್ಟದಿಂದ ಬಂದ ರೋಗಿಯ ಕಾಗದದಲ್ಲಿ ಜಿಲ್ಲೆಯ ಹೆಸರಿನ ಜತೆಗೆ ಊರಿನ ಹೆಸರು ಬರೆಯಿರಿ; ಮನೆಯಲ್ಲಿ ಉಣ್ಣುವುದು ರಾಗಿಯೋ ಅಕ್ಕಿಯೋ, ಹುರುಳಿ ಉಂಟೋ ಇಲ್ಲವೋ, ಹೊಗೆಸೊಪ್ಪು ಉಂಟೋ ಎಂದು ಒಂದು ಸಾಲು ಸೇರಿಸಿ; ಅನ್ನ ಸಿಕ್ಕಿಕೊಳ್ಳುತ್ತದೆ ಎಂದವರ ಅನ್ನನಾಳ ಕಣ್ಣಿಗೆ ಸರಿಯಾಗಿ ಕಂಡರೂ ಬೇರೆಬೇರೆ ಎತ್ತರದಿಂದ ಆರು ಚೂರು ತೆಗೆದು ಪರೀಕ್ಷೆಗೆ ಕಳಿಸಿ.